ಬಾಗಿಲು ಹಾಕುವವರೆಗೆ

ನನ್ನ ಕಣ್ಣಿನಲ್ಲಿ ಏನೂ ದೋಷವಿಲ್ಲ. ಇಷ್ಟು ಹೇಳಿಸಿಕೊಳ್ಳುವುದಕ್ಕೆ ಅರವತ್ತು ಮೈಲಿ ಕಾರು ಓಡಿಸಿಕೊಂಡು ಹೋಗಿದ್ದೆ. ನಮ್ಮ ಹಾಲ್ಸೆತ್ ಊರಿನವರು ಯಾರೂ ಕಾಲಿಡದ ಆಸ್ಪತ್ರೆ ಬೇಕಿತ್ತು ನನಗೆ. ಇನ್ಶೂರೆನ್ಸ್ ಕಾರ್ಡನ್ನು ಪರ್ಸಿನಿಂದ ಹೊರಗೇ ತೆಗೆಯಲಿಲ್ಲ. ನನ್ನ ಹೆಸರಿನ ಮುಂದೆ ಈ ಕಾಯಿಲೆ ಎಲ್ಲಿಯೂ ಬರೆಯಲ್ಪಡಬಾರದಿತ್ತು.

ಕಣ್ಣಿನ ಡಾಕ್ಟರು ಎಳೆಯ ಹುಡುಗ. ಬೆಳಕು ಬಿಟ್ಟು, ಹನಿ ಹಾಕಿ, ಒಂದು ಗಂಟೆ ಇಣುಕಿ ನೋಡಿ, ಲಾಟರಿ ಹೊಡೆದವರಿಗೆ ಹೇಳುವ ಹಾಗೆ ಹೇಳಿದ.

"ಕಣ್ಣು ಚೆನ್ನಾಗಿದೆ ಆರ್ಲಿಸ್. ಇದು ಕಣ್ಣಿನ ಮೈಗ್ರೇನ್ ಅಂತ. ಹೆಸ್ರಿಗೆ ಕಣ್ಣಿಂದು, ಬರೋದು ಮಿದುಳಿಂದ. ಅಪಾಯ ಏನಿಲ್ಲ. ಬಂದಾಗ ಅರ್ಧ ಗಂಟೆ ಆರಾಮಾಗಿ ಕೂತ್ಕೊಂಡ್ರೆ ಆಯ್ತು."

"ಗಾಡಿ ಓಡಿಸ್ತಾ ಇರೋವಾಗ ಬಂದ್ರೆ?"

"ಅಯ್ಯಯ್ಯೋ, ಓಡಿಸ್ಲೇಬೇಡಿ. ಪಕ್ಕಕ್ಕೆ ಹಾಕಿ ನಿಲ್ಸಿಬಿಡಿ. ಅಂದ ಹಾಗೆ, ನೀವೇನ್ ಕೆಲ್ಸ ಮಾಡೋದು?"

"ಸ್ವೆಟರ್ ಹೆಣೀತೀನಿ," ಅಂದೆ.

ನಾನು ಇಪ್ಪತ್ತೆರಡು ವರ್ಷದಿಂದ ಶಾಲೆಯ ಬಸ್ಸು ಓಡಿಸುತ್ತಿದ್ದೇನೆ. ಏಳನೇ ನಂಬರು ಬಸ್ಸು, ಹಳದಿ, ಬೆಳಿಗ್ಗೆ ನಲವತ್ತೊಂದು ಮೈಲಿ, ಸಂಜೆ ನಲವತ್ತೊಂದು ಮೈಲಿ. ಹಿಮಗಾಳಿ ಬೀಸಿದರೂ ಏಳನೇ ನಂಬರು ಬರುತ್ತದೆ ಎಂದು ಇಡೀ ತಾಲೂಕಿನ ತಾಯಂದಿರು ನಂಬಿಕೊಂಡಿದ್ದರು. ಎರಡು ವರ್ಷಕ್ಕೊಮ್ಮೆ ಡ್ರೈವರುಗಳೆಲ್ಲ ವೈದ್ಯಕೀಯ ಪರೀಕ್ಷೆಗೆ ಹೋಗಬೇಕು. ಒಂದು ಉದ್ದನೆಯ ಕಾಗದ ಕೊಡುತ್ತಾರೆ. ಮೂರ್ಛೆ ಇದೆಯೇ, ತಲೆಸುತ್ತು ಇದೆಯೇ, ಪದೇ ಪದೇ ತಲೆನೋವು ಇದೆಯೇ, ದೃಷ್ಟಿ ಮಸುಕಾಗುತ್ತದೆಯೇ? 'ಇಲ್ಲ, ಇಲ್ಲ, ಇಲ್ಲ, ಇಲ್ಲ' ಎಂದು ಗೀಚಿ ಕೊಟ್ಟೆ. ಪರೀಕ್ಷೆ ಪಾಸಾದವರಿಗೆ ಒಂದು ಕಾರ್ಡು ಕೊಡುತ್ತಾರೆ. ಆ ಕಾರ್ಡು ಹೋದರೆ ಬಸ್ಸು ಹೋಯಿತು. ಬಸ್ಸು ಹೋದರೆ ಶಾಲೆಯ ಇನ್ಶೂರೆನ್ಸ್ ಹೋಯಿತು. ಇನ್ಶೂರೆನ್ಸ್ ಹೋದರೆ ನನ್ನ ಗಂಡ ವರ್ಲಿನ್‌ನ ಕೈ ಹೋಯಿತು.

ವರ್ಲಿನ್ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದವನು. ಎಂಜಿನ್ನಿನ ಒಳಗೆ ಕೈ ಹಾಕಿ, ಕಣ್ಣು ಮುಚ್ಚಿ, ಎಲ್ಲಿ ಸಡಿಲವಾಗಿದೆ ಎಂದು ಹೇಳುತ್ತಿದ್ದ. ಈಗ ಕೀಲುಗಳನ್ನೇ ತಿನ್ನುವ ಬೇನೆ. ಆರು ವಾರಕ್ಕೊಮ್ಮೆ ಮೂರು ಗಂಟೆ ಕೂರಿಸಿ ನರಕ್ಕೆ ಮದ್ದು ಹನಿಸುತ್ತಾರೆ. ಹನಿಸಿದರೆ ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುತ್ತಾನೆ. ಎರಡು ವರ್ಷದ ಹಿಂದೆ ಯಾವುದೋ ಕಾಗದದ ತಕರಾರಿನಿಂದ ಎರಡು ಸರದಿ ತಪ್ಪಿತ್ತು. ಆಗ ಅವನಿಗೆ ಚಮಚ ಹಿಡಿಯಲು ಬರುತ್ತಿರಲಿಲ್ಲ. ನಾನು ತಿನ್ನಿಸಲು ಹೋದರೆ ಮುಖ ತಿರುಗಿಸಿ ಗೋಡೆ ನೋಡುತ್ತಿದ್ದ. ಆ ಮೂರು ತಿಂಗಳು ನನ್ನ ಶತ್ರುವಿಗೂ ಬೇಡ.

ಇನ್ನು ನನ್ನ ಗರಗಸದ ವಿಷಯ. ಮೊದಲು ಒಂದು ಅಕ್ಷರ ಕಳೆದುಹೋಗುತ್ತದೆ. ಪೇಪರು ಓದುತ್ತಿದ್ದರೆ ಪದದ ನಡುವೆ ಏನೋ ಇಲ್ಲ. ಬಲ್ಬು ನೋಡಿ ಕಣ್ಣು ಮುಚ್ಚಿದರೆ ಉಳಿಯುವಂಥ ಒಂದು ಚುಕ್ಕೆ. ಐದು ನಿಮಿಷದಲ್ಲಿ ಅದು ಬೆಳೆದು, ಅಂಚಿಗೆಲ್ಲ ಹಲ್ಲು ಮೂಡಿ, ಬೆಳ್ಳಗೆ ಮಿನುಗುತ್ತ, ನಡುಗುತ್ತ, ಅರ್ಧಚಂದ್ರದ ಗರಗಸವಾಗುತ್ತದೆ. ಒಂದು ಕಣ್ಣು ಮುಚ್ಚಿದರೂ ಇದೆ, ಎರಡೂ ಮುಚ್ಚಿದರೂ ಇದೆ. ಗರಗಸವನ್ನಾದರೂ ಸಹಿಸಬಹುದು, ಕಾಣುತ್ತದಲ್ಲ! ಅದರ ಒಳಗಿನ ತೂತು ಇದೆಯಲ್ಲ, ಅದು ಪಕ್ಕಾ ಮೋಸಗಾರ. ಅಲ್ಲಿ ಕಪ್ಪು ಕಾಣುವುದಿಲ್ಲ. ಒಂದು ದಿನ ಅಡುಗೆಮನೆ ಮೇಜಿನ ಎದುರು ವರ್ಲಿನ್‌ನ ಕಾಫಿ ಬಟ್ಟಲು ಆ ತೂತಿಗೆ ಬಿತ್ತು. ಬಟ್ಟಲು ಮಾಯ. ಅದಿದ್ದ ಜಾಗದಲ್ಲಿ ಮೇಜಿನ ಹಾಸಿನ ಕೆಂಪು ಚೌಕುಳಿ ನೀಟಾಗಿ ತುಂಬಿಕೊಂಡಿತ್ತು. ಕೈ ಚಾಚಿದೆ, ಬೆರಳು ಸುಟ್ಟಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ; ನನ್ನ ಪಾಡಿಗೆ ಕಾಣದೆ ಇದ್ದದ್ದನ್ನೂ ಪ್ರಮಾಣಿಸಬೇಕಾಗಿತ್ತು.

ವರ್ಲಿನ್‌ಗೆ ಆವತ್ತೇ ಹೇಳಿದೆ. "ಕಾಫಿ ಜಾಸ್ತಿ ಆಗಿರ್ಬೇಕು," ಅಂದ. ಆಮೇಲೆ ಆ ಮಾತು ಎತ್ತಲಿಲ್ಲ. ಅವನು ಮಾತನ್ನು ಚಮಚದಲ್ಲಿ ಅಳೆದು ಕೊಡುವವನು.

ಎಷ್ಟೆಲ್ಲ ಮಾಡಿದೆ ದೇವರೇ! ಚೀಸ್ ಬಿಟ್ಟೆ. ಚರ್ಚಿನ ಊಟದಲ್ಲಿ ಎಲ್ಲರೂ ಚೀಸ್ ಸುರಿದು ಬೇಯಿಸಿದ ಹಾಟ್‌ಡಿಶ್ ಬಡಿಸಿಕೊಳ್ಳುವಾಗ ನಾನು ಬೇಯಿಸಿದ ಕ್ಯಾರೆಟ್ಟು ತಿಂದು ಬಂದೆ. ಮೆಗ್ನೀಸಿಯಂ ಮಾತ್ರೆ ನುಂಗಿದೆ. ಒಂಬತ್ತಕ್ಕೆ ಮಲಗಿ ಐದಕ್ಕೆ ಎದ್ದೆ, ಭಾನುವಾರವೂ ಸಹ. ಕಣ್ಣಿಗೆ ಚುಚ್ಚುವ ಬೆಳಕು ತಡೆಯುವ ಗುಲಾಬಿ ಬಣ್ಣದ ಕನ್ನಡಕ ತರಿಸಿಕೊಂಡೆ, "ಏನ್ ಆರ್ಲಿಸ್, ಸಿನಿಮಾಕ್ಕೆ ಸೇರಿದ್ಯಾ?" ಎಂದು ಡಿಪೋದ ಮರ್ನಾ ಆಡಿಕೊಂಡಳು. ನಮ್ಮ ಬಸ್ಸುಗಳನ್ನು ರೇಡಿಯೋ ಮುಂದೆ ಕೂತು ನಡೆಸುವವಳು ಅವಳೇ. ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದಿಟ್ಟೆ: ಎಷ್ಟು ಹೊತ್ತಿಗೆ ಬಂತು, ಎಲ್ಲಿದ್ದೆ, ಏನು ತಿಂದಿದ್ದೆ. ತಿಂಗಳಿಗೊಮ್ಮೆ ಬರುತ್ತಿದ್ದದ್ದು ನವೆಂಬರಿನ ಮೇಲೆ ವಾರಕ್ಕೆ ಎರಡಾಯಿತು.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಮಕ್ಕಳಿದ್ದಾಗಲೇ ಬಂತು. ಕನ್ನಡಿಯಲ್ಲಿ ನೋಡಿದರೆ ಮೂರನೇ ಸೀಟಿನ ಹುಡುಗನಿಗೆ ಮೂಗಿಲ್ಲ. ಚರ್ಚಿನ ಅಂಗಳಕ್ಕೆ ಬಸ್ಸು ತಿರುಗಿಸಿ, "ನಡೀರಿ ಮಕ್ಳೇ, ಇವತ್ತು ಕ್ರಿಸ್‌ಮಸ್ ಹಾಡು ಹೇಳೋಣ," ಅಂದೆ. ಇಪ್ಪತ್ತಮೂರು ಮಕ್ಕಳು ಇಪ್ಪತ್ತೈದು ನಿಮಿಷ ಕಿರುಚಿ ಹಾಡಿದರು. ನಾನು ಸ್ಟಿಯರಿಂಗ್ ಹಿಡಿದು ಕೂತು ಗರಗಸ ಅಂಚಿಗೆ ಸರಿಯುವುದನ್ನೇ ಕಾದೆ. ಮೂವರು ತಾಯಂದಿರು ಫೋನ್ ಮಾಡಿ ನನ್ನನ್ನು ಹೊಗಳಿದರಂತೆ. ಆ ಹೊಗಳಿಕೆ ಗಂಟಲಲ್ಲಿ ಬಿಸಿತುಪ್ಪವಾಯಿತು.

ನೋಟ್‌ಬುಕ್ ತಿರುವಿ ಹಾಕಿದಾಗ ಕಳ್ಳ ಸಿಕ್ಕಿಬಿದ್ದ. ಹತ್ತರಲ್ಲಿ ಆರು ಸಲ ಗರಗಸ ಬಂದದ್ದು ಒಂದೇ ಜಾಗದಲ್ಲಿ. ನಮ್ಮದು ಬಯಲು ಸೀಮೆ. ಗಾಳಿ ತಡೆಯಲೆಂದು ಅಜ್ಜಂದಿರು ರಸ್ತೆಯ ಬದಿಗೆ ಮೈಲಿಗಟ್ಟಲೆ ಮರಸಾಲು ನೆಟ್ಟಿದ್ದಾರೆ. ಚಳಿಗಾಲದ ಬೆಳಿಗ್ಗೆ ಸೂರ್ಯ ಆ ಬೋಳು ಮರಗಳ ಹಿಂದೆ ಕೆಳಗೇ ಇರುತ್ತಾನೆ. ಬಸ್ಸು ಓಡಿದಂತೆ ಬಿಸಿಲು, ನೆರಳು, ಬಿಸಿಲು, ನೆರಳು ಎಂದು ಕೆನ್ನೆಗೆ ಪಟಪಟ ಬಾರಿಸುತ್ತದೆ. ಎರಡು ಮೈಲಿ ಹಾಗೆ ಬಾರಿಸಿಕೊಂಡರೆ ನನ್ನ ಮಿದುಳು ಕೈಚೆಲ್ಲುತ್ತದೆ.

"ಮರಸಾಲಿನ ರಸ್ತೇಲಿ ಹಿಮ ಕೂತ್ಕೊಳ್ತಿದೆ ಮರ್ನಾ. ಪಕ್ಕದ ಜಲ್ಲಿ ರಸ್ತೇಲಿ ಹೋಗ್ಲಾ?" ಅಂದೆ.

"ನಿಂಗೆ ಹೇಗ್ ಸರಿ ಕಾಣತ್ತೋ ಹಾಗ್ಮಾಡು ತಾಯಿ. ದಾರಿ ನಿಂಗಿಂತ ಯಾರಿಗ್ ಗೊತ್ತು?"

ಹೀಗೆ ದಾರಿ ಬದಲಾಯಿತು. ಜನವರಿ ಪೂರ್ತಿ ಬಸ್ಸಿನಲ್ಲಿ ಗರಗಸ ಬರಲಿಲ್ಲ. ನಾನು ಗೆದ್ದೆ ಅಂದುಕೊಂಡೆ, ಮೂರ್ಖಿ. ಎರಡು ರಸ್ತೆಯೂ ಅದೇ ರೈಲುಹಳಿಯನ್ನು ದಾಟುತ್ತವೆ. ಮರಸಾಲಿನ ರಸ್ತೆಗೆ ಗೇಟಿದೆ, ಗಂಟೆಯಿದೆ, ಕೆಂಪು ದೀಪವಿದೆ. ಜಲ್ಲಿ ರಸ್ತೆಗೆ ಇರುವುದು ಎರಡು ತೋಳು ಕತ್ತರಿಯಂತೆ ಹೊಡೆದ ಒಂದು ಅಡ್ಡಪಟ್ಟಿಯ ಹಲಗೆ ಮಾತ್ರ. ಅಲ್ಲಿ ನೋಡಿ ದಾಟಬೇಕು. ನೋಡುವ ಕಣ್ಣು ಯಾರದು? ನನ್ನದು.

ರೈಲುಹಳಿ ಬಂದರೆ ಶಾಲೆಯ ಬಸ್ಸು ನಿಲ್ಲಲೇಬೇಕು, ರೈಲು ಇರಲಿ ಬಿಡಲಿ. ದೀಪ ಮಿನುಗಿಸಬೇಕು, ಕಿಟಕಿ ಇಳಿಸಬೇಕು, ಮುಂಬಾಗಿಲು ತೆರೆಯಬೇಕು, ಕಿವಿಗೊಟ್ಟು ಕೇಳಬೇಕು, ಎರಡೂ ಕಡೆ ನೋಡಬೇಕು. ಆಗ ಮಕ್ಕಳು ಉಸಿರೆತ್ತಬಾರದು. ಬೇರೆ ಬಸ್ಸುಗಳಲ್ಲಿ ಅಷ್ಟಿಷ್ಟು ಪಿಸುಗುಟ್ಟುತ್ತಾರೆ. ನನ್ನ ಬಸ್ಸಿನಲ್ಲಿ ಸಾಧ್ಯವೇ ಇಲ್ಲ. ವರ್ಷದ ಮೊದಲ ದಿನವೇ ಎದ್ದು ನಿಂತು ಹೇಳುತ್ತೇನೆ: "ಬಾಗ್ಲು ತೆಗ್ದಾಗ ಬಾಯಿಗ್ ಬೀಗ. ಬಾಗ್ಲು ಹಾಕೋವರೆಗೂ ಒಂದಕ್ಷರ ಆಡಕೂಡ್ದು. ಸೀಟಿಗ್ ಬೆಂಕಿ ಬಿದ್ರೂ ಬಾಗ್ಲು ಹಾಕಿದ್ಮೇಲೆ ಹೇಳಿ." ಮಕ್ಕಳು ನಗುತ್ತಾರೆ, ನಂತರ ಕಲಿಯುತ್ತಾರೆ. ಕಲಿಯದವರ ಪಕ್ಕದಲ್ಲಿ ಹೋಗಿ ನಿಂತು ನೋಡುತ್ತೇನೆ, ಅಷ್ಟೇ ಸಾಕು. ಮಾತು ಬೆಳ್ಳಿ, ಮೌನ ಬಂಗಾರ. ಹೊಸ ಡ್ರೈವರುಗಳನ್ನು ನನ್ನ ಬಸ್ಸು ಹತ್ತಿಸಿ ತೋರಿಸುತ್ತಿದ್ದಳು ಮರ್ನಾ.

ಫೆಬ್ರವರಿಯ ಆ ಮಂಗಳವಾರ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿತ್ತು. ಹಿಂದಿನ ದಿನ ಹೊಸ ಹಿಮ ಬಿದ್ದು, ಬಯಲೆಲ್ಲ ಬೆಳ್ಳಗೆ ಕಣ್ಣು ಕುಕ್ಕುತ್ತಿತ್ತು. ಗುಲಾಬಿ ಕನ್ನಡಕ, ಮುಂದೆ ಚಾಚಿದ ಟೋಪಿ, ಎಲ್ಲ ಹಾಕಿಕೊಂಡಿದ್ದೆ. ಹಳಿಯ ಹತ್ತಿರ ಬಂದು ಬಸ್ಸು ನಿಲ್ಲಿಸಿದೆ. ದೀಪ, ಕಿಟಕಿ, ಬಾಗಿಲು. ಚಳಿ ಒಳಗೆ ನುಗ್ಗಿತು. ಇಪ್ಪತ್ತಮೂರು ಬಾಯಿ ಒಟ್ಟಿಗೆ ಮುಚ್ಚಿದವು.

ಹಳಿಯ ಆಚೆ ಅಡ್ಡಪಟ್ಟಿಯ ಹಲಗೆ ಇರಬೇಕು. ಅದರ ಒಂದು ತೋಳು ಇರಲಿಲ್ಲ.

ಬೇಡ, ಈಗ ಬೇಡ, ಅಂದುಕೊಂಡೆ. ಕೈಗಡಿಯಾರ ನೋಡಿದೆ: ಏಳು ಐವತ್ತೆರಡು. ಅಂಕಿಯ ಎಡಗಡೆ ಮಂಜು. ಹಲ್ಲು ಮೂಡತೊಡಗಿತ್ತು. ಎಡಕ್ಕೆ ನೋಡಿದೆ, ಬಿಳಿ ಗರಗಸ ನಡುಗುತ್ತಿತ್ತು. ತಲೆ ತಿರುಗಿಸಿದರೆ ಅದೂ ತಿರುಗಿತು. ಬಲಕ್ಕೆ ನೋಡಿದೆ, ಅಲ್ಲಿ ಹಳಿ ಶುಭ್ರವಾಗಿತ್ತು, ಏನೂ ಇಲ್ಲ. ಏನೂ ಇಲ್ಲ ಅನ್ನುವುದನ್ನೇ ನಂಬುವ ಹಾಗಿಲ್ಲವಲ್ಲ!

ಕಾಯುತ್ತೇನೆ, ಇಪ್ಪತ್ತೈದು ನಿಮಿಷ ಕಾಯುತ್ತೇನೆ, ಎಂದು ಸ್ಟಿಯರಿಂಗನ್ನು ಬಿಗಿಹಿಡಿದೆ. ಬಾಗಿಲು ಹಾಕಿ ಕಾಯಬಹುದಿತ್ತು. ಹಾಕಿದರೆ ಮಕ್ಕಳು ಯಾಕೆ ಹೊರಡಲಿಲ್ಲ ಎನ್ನುತ್ತಾರೆ. ಮನೆಗೆ ಹೋಗಿ ಆರ್ಲಿಸ್ ಹಳಿಯ ಹತ್ತಿರ ಅರ್ಧ ಗಂಟೆ ಸುಮ್ಮನೆ ಕೂತಿದ್ದಳು ಎನ್ನುತ್ತಾರೆ. ಇಲ್ಲಿ ಹಾಡು ಹೇಳಿಸುವಂತಿಲ್ಲ. ರೇಡಿಯೋ ತೆಗೆದು ಮರ್ನಾಗೆ ಹೇಳಬಹುದಿತ್ತು. ಏನು ಹೇಳುವುದು? ಮಾರ್ಚ್ ಹದಿನಾಲ್ಕಕ್ಕೆ ವರ್ಲಿನ್‌ನ ಮುಂದಿನ ಮದ್ದು. ಒಂದು ನಿಮಿಷ ಕಳೆಯಿತು. ಎರಡು. ಮೂರು. ಚಳಿ ಮೆಟ್ಟಿಲು ಹತ್ತಿ ಒಳಗೆ ಬಂದು ಕೂತಿತು. ಒಂದು ಮಗುವೂ ಕೆಮ್ಮಲಿಲ್ಲ. ಎಂಥ ಮಕ್ಕಳು! ಕನ್ನಡಿಯಲ್ಲಿ ನೋಡಿದೆ. ನನ್ನ ಹಿಂದಿನ ಮೊದಲ ಸೀಟು ಎಂಟು ವರ್ಷದ ಸಿಗ್ನಿಯದು. ಬಸ್ಸಿನಲ್ಲಿ ಹೊಟ್ಟೆ ತೊಳೆಸುತ್ತದೆಂದು ಅವಳನ್ನು ಮುಂದೆ ಕೂರಿಸಿದ್ದೆ. ಸೀಟು ಖಾಲಿಯಾಗಿ ಹಸಿರು ರೆಕ್ಸಿನ್ನು ಕಂಡಿತು, ಅದರ ಹಿಂದೆಲ್ಲ ಗರಗಸದ ಮಿನುಗು. ಬಿದ್ದ ಕೈಗವಸು ಎತ್ತಿಕೊಳ್ಳಲು ಬಗ್ಗಿರಬೇಕು ಅಂದುಕೊಂಡೆ.

ಹಿಂದಿನಿಂದ ಹಾರ್ನ್ ಕೇಳಿತು. ಓರಿನ್ ಬ್ರಾಟನ್‌ನ ಪಿಕಪ್ಪು. ಮಹಾ ಅವಸರದ ಮನುಷ್ಯ, ಹಸುಗಳಿಗೂ ಹಾರ್ನ್ ಹೊಡೆಯುವವನು. ಮತ್ತೊಮ್ಮೆ ಹೊಡೆದ. ನನ್ನ ಕಿವಿ ಬಿಸಿಯಾಯಿತು. ಊರಿಗೆಲ್ಲ ಡಂಗುರ ಸಾರುತ್ತಾನೆ ಇವನು, ಏಳನೇ ನಂಬರು ಹಳಿಯ ಮುಂದೆ ನಿದ್ದೆ ಹೊಡೆಯುತ್ತಿತ್ತು ಎಂದು. ಹೊರಗೆ ಕೇಳಿದೆ; ಮೂಡಣ ಗಾಳಿ ಬಿಟ್ಟರೆ ಸದ್ದಿಲ್ಲ. ಗರಗಸದ ಅಂಚಿನಿಂದ ಓರೆಯಾಗಿ ಎಡಕ್ಕೆ ನೋಡಿದೆ. ಹಿಮ, ಹಳಿ, ಹಿಮ. ಶುಭ್ರ ಬಿಳಿ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಎಂದು ಮನಸ್ಸು ಗಟ್ಟಿಮಾಡಿದೆ.

ಬಾಗಿಲು ಹಾಕಿದೆ. ಬ್ರೇಕು ಬಿಟ್ಟೆ. ಬಸ್ಸು ಹೊರಟಿತು.

"ಆರ್ಲಿಸ್, ರೈಲು," ಅಂದಳು ಸಿಗ್ನಿ.

ಕೂಗಲಿಲ್ಲ ಅವಳು. ಊಟಕ್ಕೆ ಬನ್ನಿ ಅನ್ನುವ ಹಾಗೆ ಅಂದಳು. ನನ್ನ ಕಾಲು ನನಗಿಂತ ಮೊದಲು ಬ್ರೇಕು ತುಳಿಯಿತು. ಚೀಲಗಳು, ಊಟದ ಡಬ್ಬಿಗಳು ಮುಂದಕ್ಕೆ ಉರುಳಿದವು. ಆಗ ರೈಲು ಬಂತು. ನನ್ನ ಎಡಗಡೆಯ ಏನೂ ಇಲ್ಲದ ಹಿಮದಿಂದ, ಸದ್ದನ್ನು ಹಿಂದಕ್ಕೆ ತಳ್ಳುವ ಗಾಳಿಯ ಎದುರಿಗೆ ಬರುತ್ತಿದ್ದ ಆ ರೈಲು ಕೂಗಿಕೊಂಡೇ ಬಂತು, ಬೀಟ್ ಸಕ್ಕರೆ ತುಂಬಿದ ಬೋಗಿಗಳು ಒಂದರ ಹಿಂದೊಂದು. ಬಸ್ಸಿನ ಮೂತಿಯಿಂದ ಒಂದು ಮಂಚದಷ್ಟು ದೂರ. ಬಸ್ಸಿನ ಗಾಜೆಲ್ಲ ಗಡಗಡ ನಡುಗಿತು. ಎಷ್ಟು ಬೋಗಿ ಹೋದವೋ ನಾನು ಎಣಿಸಲಿಲ್ಲ.

ಹೋದ ಮೇಲೆ ಗೇರು ಹಿಂದಕ್ಕೆ ಹಾಕಿ, ಬಸ್ಸನ್ನು ಒಂದಿಷ್ಟು ಹಿಂದೆ ತಂದು, ಎಂಜಿನ್ನು ಓಡುತ್ತಿರುವಂತೆಯೇ ಬ್ರೇಕು ಬಿಗಿದೆ. ಎದ್ದು ನಿಂತೆ.

"ಸಿಗ್ನಿ, ರೈಲು ನಿಂಗ್ ಯಾವಾಗ ಕಾಣಿಸ್ತು?"

"ಆಗ್ಲೇ. ನೀವು ಬಾಗ್ಲು ತೆಗೆದ್ ಸ್ವಲ್ಪ ಹೊತ್ತಿಗೆ. ದೂರದಲ್ಲಿ ದೀಪ ಕಾಣ್ತಿತ್ತು."

"ಯಾಕೆ ಹೇಳ್ಲಿಲ್ಲ ಮಗಾ?"

ಅವಳು ನನ್ನನ್ನು ನೋಡಿದಳು. ಅವಳ ಅರ್ಧ ಮುಖ ನನಗೆ ಕಾಣುತ್ತಿರಲಿಲ್ಲ, ಧ್ವನಿ ಮಾತ್ರ ಪೂರ್ತಿ ಕೇಳಿತು. "ಬಾಗ್ಲು ತೆಗ್ದಿತ್ತಲ್ಲ. ಮಾತಾಡಬಾರ್ದಲ್ಲ. ನಾನು ಕೈ ಎತ್ತಿದ್ದೆ. ನೀವು ಕನ್ನಡೀಲಿ ನನ್ನೇ ನೋಡಿದ್ರಿ."

"ನಂಗೂ ಕಾಣಿಸ್ತು," ಅಂದ ಹಿಂದಿನವನು. "ನಂಗೂ." "ನಾನೂ ಕೈ ಎತ್ತಿದ್ದೆ ಆರ್ಲಿಸ್." ಎಡಸಾಲಿನ ಹನ್ನೊಂದು ಮಕ್ಕಳಲ್ಲಿ ಏಳು ಮಕ್ಕಳು ಆ ರೈಲು ಬರುವುದನ್ನು ನೋಡಿದ್ದವು. ಏಳು ಮಕ್ಕಳೂ ಕೈ ಎತ್ತಿ, ತುಟಿ ಬಿಗಿಹಿಡಿದು ಕೂತಿದ್ದವು, ನಾನು ಬೀಗ ಹಾಕಿಸಿದ ಹಾಗೆ. ಮೌನ ಬಂಗಾರವಂತೆ. ಆ ಬಂಗಾರಕ್ಕೆ ನನ್ನ ಕೈಯಾರೆ ಬೆಂಕಿ ಇಡಬೇಕೆನ್ನಿಸಿತು.

ಓರಿನ್ ಓಡಿ ಬಂದು ಬಾಗಿಲು ಬಡಿಯುತ್ತಿದ್ದ. ಮುಖ ಹಿಮಕ್ಕಿಂತ ಬೆಳ್ಳಗಾಗಿತ್ತು. "ನಾನ್ ತಮಾಷೆಗ್ ಹೊಡ್ದೆ ಕಣೆ ಆರ್ಲಿಸ್! ದೇವ್ರಾಣೆ, ತಮಾಷೆಗ್ ಹೊಡ್ದೆ!" ಅನ್ನುತ್ತ ನಿಂತಲ್ಲೇ ಅತ್ತುಬಿಟ್ಟ. ಅವನಿಗೆ ಸಮಾಧಾನ ಹೇಳುವಷ್ಟು ತ್ರಾಣ ನನ್ನಲ್ಲಿರಲಿಲ್ಲ.

ರೇಡಿಯೋ ತೆಗೆದುಕೊಂಡೆ. "ಮರ್ನಾ, ಏಳನೇ ನಂಬರು. ಜಲ್ಲಿ ರಸ್ತೆ ಹಳಿ ಹತ್ರ ನಿಂತಿದೀನಿ. ಮಕ್ಳೆಲ್ಲ ಚೆನ್ನಾಗಿದಾರೆ. ಇನ್ನೊಬ್ಬ ಡ್ರೈವರನ್ನ ಕಳ್ಸು."

"ಬಸ್ಸಿಗೇನಾಯ್ತು?"

"ಬಸ್ಸಿಗೇನಾಗಿಲ್ಲ. ನಂಗೆ ಕಣ್ ಕಾಣಿಸ್ತಿಲ್ಲ."

ಎಲ್ಲ ಬಸ್ಸುಗಳ ಡ್ರೈವರುಗಳೂ ಇದೇ ಚಾನೆಲ್ಲಿನಲ್ಲಿರುತ್ತಾರೆ. ಅರ್ಧ ಊರು ಅಡುಗೆಮನೆಯಲ್ಲಿ ಪುಟ್ಟ ರೇಡಿಯೋ ಇಟ್ಟುಕೊಂಡು ಇದನ್ನೇ ಕೇಳುತ್ತದೆ.

"ಆರ್ಲಿಸ್," ಮರ್ನಾ ದನಿ ತಗ್ಗಿಸಿದಳು, "ನನ್ ಫೋನಿಗ್ ಮಾಡು. ಇದ್ರಲ್ಲಿ ಹೇಳ್ಬೇಡ."

"ಇದ್ರಲ್ಲೇ ಹೇಳ್ತೀನಿ. ಒಂದೂವರೆ ವರ್ಷದಿಂದ ಹೀಗಾಗ್ತಿದೆ. ಎಲ್ರಿಗೂ ಮುಚ್ಚಿಟ್ಟಿದ್ದೆ. ಪರೀಕ್ಷೆ ಕಾಗದದಲ್ಲೂ ಸುಳ್ಳು ಬರ್ದೆ. ಈಗ್ ತಾನೇ ನಿಮ್ಮೆಲ್ರ ಮಕ್ಳನ್ನ ರೈಲಿನ್ ಕೆಳಗ್ ಹಾಕ್ತಿದ್ದೆ. ಸಿಗ್ನಿ ರೈಲು ನೋಡಿ ಕೈ ಎತ್ತಿದ್ಲು, ನಂಗದೂ ಕಾಣಿಸ್ಲಿಲ್ಲ. ಹಿಮ ಗಿಮ ಎಲ್ಲ ಸುಳ್ಳು ಮರ್ನಾ, ಆ ರಸ್ತೇಲಿ ಹಿಮ ಇರ್ಲಿಲ್ಲ."

ಬೇರೆ ಡ್ರೈವರು ಬರುವ ಹೊತ್ತಿಗೆ ಗರಗಸ ಕಣ್ಣಿನ ಅಂಚಿಗೆ ಸರಿದು ಮಾಯವಾಗಿತ್ತು. ಎಲ್ಲ ನಿಚ್ಚಳವಾಗಿ ಕಂಡಿತು. ಹಲಗೆಯ ಎರಡೂ ತೋಳು, ಹಳಿಯ ಮೇಲೆ ರೈಲು ಉಜ್ಜಿ ಹೋದ ಹೊಳಪು, ಸಿಗ್ನಿಯ ಕೆನ್ನೆಯ ಮೇಲೆ ಚಳಿಗೆ ಬಿರಿದ ಚರ್ಮ. ಆಮೇಲೆ ತಲೆನೋವು ಶುರುವಾಯಿತು. ಬಸ್ಸು ಹೊರಡುವ ಮೊದಲು ಮಕ್ಕಳ ಮುಂದೆ ನಿಂತೆ. "ಇನ್ಮೇಲೆ ರೈಲು ಕಂಡ್ರೆ ಕಿರುಚ್ಬೇಕು. ಬಾಗ್ಲು ತೆಗ್ದಿದ್ರೂ, ಹಾಕಿದ್ರೂ, ಡ್ರೈವರ್ ಗದರಿಸಿದ್ರೂ. ತಿಳೀತಾ?" ಅಂದೆ. ಯಾರೂ ಉತ್ತರ ಕೊಡಲಿಲ್ಲ. ಆಮೇಲೆ ಗೊತ್ತಾಯಿತು, ನಾನು ಇಳಿಯಲೆಂದು ಹೊಸ ಡ್ರೈವರು ಬಾಗಿಲು ತೆರೆದಿದ್ದ.

ಓರಿನ್ ನನ್ನನ್ನು ಮನೆಗೆ ಬಿಟ್ಟ. ಅಂಗಳದಲ್ಲಿ ಬಸ್ಸು ನಿಲ್ಲುವ ಜಾಗ ಖಾಲಿಯಿತ್ತು. ಎಂಜಿನ್ನು ಹೆಪ್ಪುಗಟ್ಟದಂತೆ ರಾತ್ರಿ ಬೆಚ್ಚಗಿಡುವ ಹೀಟರಿನ ವಯರನ್ನು ವರ್ಲಿನ್ ಸುರುಳಿ ಸುತ್ತಿ ಕಂಬಕ್ಕೆ ನೇತುಹಾಕಿದ್ದ. ಅದನ್ನು ಸಿಕ್ಕಿಸುವುದು, ಸಂಜೆ ಬಸ್ಸಿನ ದೀಪಗಳನ್ನು ಒರೆಸುವುದು ಅವನ ಕೆಲಸ. ಆ ಬೆರಳುಗಳಿಂದ ಅವನಿಗೆ ಉಳಿದಿದ್ದ ಒಂದೇ ಕೆಲಸ.

ಅವನು ಅಡುಗೆಮನೆಯ ಮೇಜಿಗೆ ಕೂತಿದ್ದ. ಎದುರಿಗೆ ಪೋಲೀಸರ, ಬಸ್ಸುಗಳ ಮಾತು ಹಿಡಿಯುವ ಪುಟ್ಟ ರೇಡಿಯೋ. ಅದರ ದೀಪ ಇನ್ನೂ ಉರಿಯುತ್ತಿತ್ತು. ಅಂದರೆ ನಾನು ಹೇಳಬೇಕಾದದ್ದೇನೂ ಉಳಿದಿರಲಿಲ್ಲ.

ಬಾಗಿಲಲ್ಲೇ ನಿಂತೆ. ಅವನು ಬಟ್ಟಲಿನ ಕಿವಿಯನ್ನು ಉಜ್ಜುತ್ತ ಕೂತ. ಸಿಟ್ಟು ನೆತ್ತಿಗೇರಿತು ನನಗೆ. ಬೈಯಲಿ, ಅಳಲಿ, ಹಾಳಾದವಳೇ ಅನ್ನಲಿ. ಇಪ್ಪತ್ತಮೂರು ಮಕ್ಕಳ ಮೌನ ಕೇಳಿ ಬಂದವಳು ನಾನು, ಇನ್ನೊಂದು ಮೌನ ತಡೆಯುವ ಶಕ್ತಿ ಇರಲಿಲ್ಲ.

"ಬಾಗ್ಲು ಹಾಕೇ, ಚಳಿ," ಅಂದ ಕೊನೆಗೆ.

ಹಿಂದಕ್ಕೆ ಒದ್ದು ಬಾಗಿಲು ಹಾಕಿದೆ. ಕಿಟಕಿಗಳು ಅದುರಿದವು.

"ಹಾಕಿದೀನಿ ವರ್ಲಿನ್. ಈಗ ಮಾತಾಡು."

ಅವನು ಬಟ್ಟಲು ಬಿಟ್ಟು ಎರಡೂ ಕೈಯನ್ನು ಮೇಜಿನ ಮೇಲೆ ಹರಡಿದ. ಕೆಂಪು ಚೌಕುಳಿಯ ಮೇಲೆ ಹತ್ತು ಬೆರಳೂ ನೆಟ್ಟಗೆ ಮಲಗಿದ್ದವು. ಈ ಸಲದ ಮದ್ದು ಚೆನ್ನಾಗಿ ಹಿಡಿದಿತ್ತು.

"ಮರಸಾಲಿನ ರಸ್ತೇಲಿ ಹಿಮ ಕರಗ್ಸೋಕೆ ಸುರಿಯೋ ಉಪ್ಪು ಬಸ್ಸಿಗೆ ಬೆಳ್ಳಗೆ ಹಿಡಿಯತ್ತೆ," ಅಂದ. "ಕ್ರಿಸ್‌ಮಸ್ ಆದಾಗಿಂದ ನಾನು ಒರೆಸ್ತಾ ಇದ್ದಿದ್ದು ಜಲ್ಲಿ ಮಣ್ಣು. ಅಲ್ಲಿ ಗೇಟಿಲ್ಲ ಅಂತ ನಂಗೆ ಗೊತ್ತಿತ್ತು ಆರ್ಲಿಸ್. ದಿನಾ ಸಂಜೆ ಒರೆಸ್ತಿದ್ದೆ, ದಿನಾ ಬಾಯ್ ಮುಚ್ಕೊಂಡ್ ಒಳಗ್ ಬರ್ತಿದ್ದೆ. ಆ ಮಗು ಕೈಯಾದ್ರೂ ಎತ್ತಿತ್ತು."